ಕೊನೇ ಬಸ್ಸು ಎಷ್ಟು ಗಂಟೆಗೆ?

ನಮ್ಮದು ತಾಲ್ಲೂಕು ಕೇಂದ್ರದ ಡಿಗ್ರಿ ಕಾಲೇಜು. ಒಬ್ಬೊಬ್ಬ ಲೆಕ್ಚರರ್‌ಗೆ ಇಪ್ಪತ್ತು, ಇಪ್ಪತ್ತೈದು ಮಕ್ಕಳನ್ನು ಹಂಚಿಕೊಡುತ್ತಾರೆ. ಅವರಿಗೆ ನಾವು ಮೆಂಟರ್. ತಿಂಗಳಿಗೊಮ್ಮೆ ಕರೆದು ಮಾತಾಡಬೇಕು, ಮೆಂಟರ್ ಪುಸ್ತಕದಲ್ಲಿ ಬರೆಯಬೇಕು, ಸಹಿ ಹಾಕಿಸಬೇಕು. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುತ್ತದೆ ಅಂದಾಗ ಇಡೀ ವರ್ಷದ ಪುಟಗಳು ಒಂದೇ ಸಂಜೆ ತುಂಬುವುದೂ ಉಂಟು. ಅನುಮಾನ ಬರದಿರಲಿ ಅಂತ ನೀಲಿ ಪೆನ್ನು, ಕಪ್ಪು ಪೆನ್ನು ಬದಲಿಸಿ ಬರೆದವರಲ್ಲಿ ನಾನೂ ಒಬ್ಬಳು. ಸುಳ್ಳು ಯಾಕೆ ಹೇಳಲಿ.

2022ರಲ್ಲಿ ಅಡ್ಮಿಷನ್ ಕೌಂಟರಿನಲ್ಲಿ ಕೂತಿದ್ದೆ. ಹೊಸ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ, ಬಂದು ಎರಡನೇ ವರ್ಷ. ಮೂರು ವಿಷಯದ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್), ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂಆಲಜಿ) ಹೋಗಿ ಎರಡೇ ಮುಖ್ಯ ವಿಷಯ ಆಗಿತ್ತು. ಅದರ ಮೇಲೆ ಬೇರೆ ವಿಭಾಗದಿಂದ ಒಂದು ಓಪನ್ ಎಲೆಕ್ಟಿವ್ ಆರಿಸಬೇಕಿತ್ತು. ಮಕ್ಕಳಿಗಿರಲಿ, ನಮಗೇ ಪೂರ್ತಿ ಅರ್ಥವಾಗಿರಲಿಲ್ಲ. ಒಬ್ಬ ಹುಡುಗ ಫಿಸಿಕ್ಸ್-ಮ್ಯಾಥ್ಸ್ ಬರೆದುಕೊಂಡು ಬಂದ. ಅಂಕಪಟ್ಟಿ ನೋಡಿದೆ. ಪಿಯುನಲ್ಲಿ ಗಣಿತ ಹೇಗೋ ದಾಟಿತ್ತು, ಅಷ್ಟೆ. “ಮ್ಯಾಥ್ಸ್ ಬೇಡಪ್ಪ, ಕೆಮಿಸ್ಟ್ರಿ-ಬಾಟನಿ ತಗೋ, ಸೇಫು” ಅಂದೆ. “ಸರಿ ಮೇಡಂ” ಅಂದ. ಎರಡು ನಿಮಿಷದ ಕೆಲಸ. ಆಮೇಲೆ ಅವನು ನನ್ನ ಮೆಂಟರ್ ಪಟ್ಟಿಗೇ ಬಂದ.

ಮೊದಲ ಸೆಮಿಸ್ಟರ್‌ನ ನಡುವೆ ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿ ಬಂತು. 75 ಪರ್ಸೆಂಟ್ ಇಲ್ಲದವರ ಹೆಸರುಗಳಲ್ಲಿ ಅವನದೂ ಇತ್ತು. ಥಿಯರಿಯಲ್ಲಿ ಚೆನ್ನಾಗಿತ್ತು, ಪ್ರಾಕ್ಟಿಕಲ್‌ನಲ್ಲೇ ಇಲ್ಲ. ಸ್ಟಾಫ್ ರೂಮಿಗೆ ಕರೆಸಿ ಎಲ್ಲರ ಎದುರೇ ಬೈದೆ. ಜವಾಬ್ದಾರಿ ಇಲ್ವಾ, ಅಪ್ಪ ಅಮ್ಮ ಕಷ್ಟಪಡೋದು ಕಾಣಲ್ವಾ, ಎಲ್ಲ ಆಯಿತು. ಅವನು ತಲೆ ಬಗ್ಗಿಸಿ ನಿಂತಿದ್ದ. ಹೊರಗೆ ಕಾಯುತ್ತಿದ್ದ ಅವನ ಗೆಳೆಯ ಬಾಗಿಲಿಂದಲೇ ಹೇಳಿದ: “ಮೇಡಂ, ಅವನ ಊರಿಗೆ ಕೊನೇ ಬಸ್ಸು ನಾಲ್ಕೂವರೆಗೆ.”

ಲ್ಯಾಬು ಒಂದಕ್ಕೆ ಶುರುವಾದರೆ ಐದಕ್ಕೆ ಮುಗಿಯುವುದು. ಕೆಮಿಸ್ಟ್ರಿಗೂ ಬಾಟನಿಗೂ ವಾರಕ್ಕೆ ನಾಲ್ಕು ನಾಲ್ಕು ಗಂಟೆ. ಟೈಟ್ರೇಷನ್ ಅರ್ಧಕ್ಕೆ ಬಿಟ್ಟು ಓಡಿದರೆ ರೀಡಿಂಗ್ ಸಿಗಲ್ಲ, ರೆಕಾರ್ಡಿಗೆ ಸಹಿ ಬೀಳಲ್ಲ. ಹಾಗಾಗಿ ಹೋಗುವುದನ್ನೇ ಬಿಟ್ಟಿದ್ದ. ಮ್ಯಾಥ್ಸ್‌ಗೂ ಆಗ ಪ್ರಾಕ್ಟಿಕಲ್ ಇತ್ತು, ಆದರೆ ಅದು ಕಂಪ್ಯೂಟರ್ ಮೇಲೆ, ನಮ್ಮಲ್ಲಿ ಬೆಳಿಗ್ಗೆಯೇ ಮುಗಿಯುತ್ತಿತ್ತು. ಅವನು ಲೆಕ್ಕ ಹಾಕಿಯೇ ಬಂದಿದ್ದ. ಅಳಿಸಿದವಳು ನಾನು.

“ಮೊದಲೇ ಯಾಕೋ ಹೇಳಲಿಲ್ಲ?” ಅಂದೆ.

“ನೀವು ಕೇಳಲಿಲ್ಲ ಮೇಡಂ.”

ಕೆಮಿಸ್ಟ್ರಿ ಎಚ್‌ಒಡಿ ಹತ್ತಿರ ಹೋಗಿ ಅವನನ್ನು ಬೆಳಗಿನ ಬ್ಯಾಚಿಗೆ ಹಾಕಿಸಿದೆ. ಹತ್ತು ನಿಮಿಷ ಹಿಡಿಯಿತು. ಬಾಟನಿಯವರೂ ಒಪ್ಪಿದರು. ತಪ್ಪಿದ ಪ್ರಯೋಗಗಳನ್ನು ಎರಡು ಶನಿವಾರ ಕೂತು ಮುಗಿಸಿದ. ಹತ್ತು ನಿಮಿಷದ ಕೆಲಸಕ್ಕೆ ಎರಡು ತಿಂಗಳು ಹೋಗಿತ್ತು ಅನ್ನುವುದು ಮಾತ್ರ ಈಗಲೂ ಚುಚ್ಚುತ್ತದೆ.

ಅಲ್ಲಿಂದ ಪದ್ಧತಿ ಬದಲಿಸಿದೆ. ಮೆಂಟರ್ ಪುಸ್ತಕ ನಾನು ಬರೆಯುವುದಿಲ್ಲ, ಮಕ್ಕಳೇ ಬರೆಯಬೇಕು. ನನ್ನ ಹತ್ತಿರ ಬರುವ ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಬರೆದು ತರಬೇಕು. ಯಾವ ಕ್ಲಾಸು ತಪ್ಪಿತು, ಯಾಕೆ? ಯಾವ ಅರ್ಜಿಯ ಕೊನೇ ದಿನ ಹತ್ತಿರ ಬಂತು? ಈಗಿನ ತೊಂದರೆಗೆ ನಿನಗೇ ಹೊಳೆದ ಎರಡು ದಾರಿ ಯಾವುವು? ಕೊನೇ ಬಸ್ಸು ಎಷ್ಟು ಗಂಟೆಗೆ? ಮೂರನೆಯದಕ್ಕೆ ಮೊದಮೊದಲು ಎಲ್ಲರೂ “ನೀವು ಹೇಳಿದ ಹಾಗೆ ಮೇಡಂ” ಅಂತ ಬರೆದರು. ಹಾಗೇ ವಾಪಸ್ ಕೊಟ್ಟೆ. ಒಬ್ಬಳು ಮೂರು ಸಲ ಓಡಾಡಿದಳು. ಸಿಟ್ಟೂ ಬಂದಿತ್ತು ಅವಳಿಗೆ.

ಎರಡನೆಯದಕ್ಕೆ ಯಾರೂ ಸುಲಭಕ್ಕೆ ಬಗ್ಗಲ್ಲ. ಎಸ್‌ಎಸ್‌ಪಿ, ಅಂದರೆ ರಾಜ್ಯ ಸರ್ಕಾರದ ಪೋರ್ಟಲ್‌ನಲ್ಲಿ ಅರ್ಜಿ ಹಾಕುವ ಸ್ಕಾಲರ್‌ಶಿಪ್, ಕೊನೇ ದಿನವೇ ನೆನಪಾಗುವುದು. ಅವತ್ತು ನೋಡಿದರೆ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ, ನಾಡಕಚೇರಿಯಲ್ಲಿ ಕ್ಯೂ. ಇಲ್ಲವೇ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೇ ಆಗಿರಲ್ಲ, ಮಂಜೂರಾದರೂ ದುಡ್ಡು ಬರಲ್ಲ. ಇದನ್ನು ನಾನು ಮಾಡಿಕೊಡಲಾರೆ, ಮಾಡಿಕೊಡಲೂ ಬಾರದು. ಏನೇನು ಬೇಕು ಅಂತ ಸೆಮಿಸ್ಟರ್ ಶುರುವಿಗೇ ಹೇಳುವುದು ನನ್ನ ಕೆಲಸ. ಕಚೇರಿಗೆ ಹೋಗುವುದು, ರಸೀದಿ ಇಟ್ಟುಕೊಳ್ಳುವುದು ಅವರದು.

ಅಪ್ಪಂದಿರ ಫೋನು ಇನ್ನೊಂದು ಕಥೆ. “ಮೇಡಂ, ನೀವಾದ್ರೂ ಹೇಳಿ, ಬಿಎಡ್ ಮಾಡ್ಲಿ, ಎಂಎಸ್‌ಸಿ ಎಲ್ಲ ಬೇಡ” ಅಂತಾರೆ. ಮೊದಲಾದರೆ ಹೇಳಿಬಿಡುತ್ತಿದ್ದೆ. ಈಗ “ಬಿಎಡ್ ಎರಡು ವರ್ಷ, ಎಂಎಸ್‌ಸಿಯೂ ಎರಡು ವರ್ಷ ಅಣ್ಣ. ಮಿಕ್ಕಿದ್ದು ಅವಳೇ ಹೇಳ್ತಾಳೆ” ಅಂತ ಫೋನನ್ನು ಮಗಳ ಕೈಗೆ ಕೊಡುತ್ತೇನೆ. ಕೆಲವರು ಬೇಜಾರು ಮಾಡಿಕೊಂಡಿದ್ದಾರೆ.

ನನ್ನ ಕೈ ಮೀರಿದ್ದೂ ಬರುತ್ತದೆ. ಒಬ್ಬಳು ಬಂದು ಕೂತವಳು ಅರ್ಧ ಗಂಟೆ ಸುಮ್ನೆ ಅತ್ತಳು. ನಾನು ಕೌನ್ಸೆಲರ್ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಹಚ್ಚಿಕೊಟ್ಟು, ಅವಳು ಮಾತಾಡಿ ಮುಗಿಸುವವರೆಗೂ ಲ್ಯಾಬಿನ ಹೊರಗೆ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಪುಸ್ತಕದಲ್ಲಿ ಅದನ್ನು ಬರೆಯಲಿಲ್ಲ.

2024-25ರಿಂದ ಎನ್‌ಇಪಿ ಪದ್ಧತಿ ಹೋಗಿ ಮತ್ತೆ ಮೂರು ಮುಖ್ಯ ವಿಷಯದ ಪದವಿ ಬಂತು. ಆಗ ಒಂದೇ ಕಾರಿಡಾರಿನಲ್ಲಿ ಸೀನಿಯರ್‌ಗಳಿಗೆ ಒಂದು ಪದ್ಧತಿ, ಜೂನಿಯರ್‌ಗಳಿಗೆ ಇನ್ನೊಂದು. ಸಿಲಬಸ್ ಕೇಳಿದರೆ “ಯಾವ ಬ್ಯಾಚಮ್ಮಾ ನಿಂದು?” ಅಂತ ಕೇಳಿಯೇ ಬಾಯಿ ಬಿಡುತ್ತಿದ್ದೆ. ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚು ತಪ್ಪಿದೆ. ಬಸ್ಸಿನ ಟೈಮು ಮಾತ್ರ ಅದೇ.

ಮೊನ್ನೆ ಹೊಸ ಬ್ಯಾಚಿನ ಹುಡುಗಿಯೊಬ್ಬಳ ಹಾಳೆ ಓದುತ್ತಿದ್ದೆ. ನಾಲ್ಕನೇ ಪ್ರಶ್ನೆಗೆ ಹೀಗೆ ಬರೆದಿದ್ದಳು: “4.40. ಅದು ಹೋದರೆ 6.15ಕ್ಕೆ ಇನ್ನೊಂದಿದೆ. ಆದರೆ ಅದರ ಕಂಡಕ್ಟರ್ ನಮ್ಮ ಸೋದರಮಾವ. ಲೇಟ್ ಯಾಕಾಯ್ತು ಅಂತ ಮನೇಲಿ ಹೇಳ್ತಾರೆ. ಆದ್ದರಿಂದ ಬೆಳಗಿನ ಬ್ಯಾಚೇ ಬೇಕು.”

ಹಾಕಿಸಿದೆ.