ಬಾಯಿ ಹೇಳುವುದು, ಮೀಟರ್ ಹೇಳುವುದು: ನಿಮ್ಮ ಬೀದಿಯ ಕರೆಂಟ್ ಸಮೀಕ್ಷೆ ಮಾಡುವ ಬಗೆ

‘ಕರೆಂಟ್ ಉಳಿಸ್ತೀರಾ?’ ಎಂದು ದಾವಣಗೆರೆಯ ಯಾವ ಓಣಿಯಲ್ಲಿ ಕೇಳಿದರೂ ‘ಹೂನ್ರೀ, ಉಳಿಸ್ತೀವಿ’ ಎಂಬ ಉತ್ತರವೇ ಬರುತ್ತದೆ. ಅದು ಸುಳ್ಳಲ್ಲ. ಬಾಗಿಲಿಗೆ ಬಂದು ಕೇಳಿದವರ ಮುಂದೆ ‘ಇಲ್ಲ’ ಎನ್ನಲು ಯಾರಿಗೂ ಮನಸ್ಸಾಗುವುದಿಲ್ಲ, ಅಷ್ಟೆ. ಹಾಗಾಗಿ ಜನರ ಅನಿಸಿಕೆಯನ್ನೂ ಬಳಕೆಯನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಎನ್‌ಎಸ್‌ಎಸ್ ತಂಡ, ಸ್ತ್ರೀಶಕ್ತಿ ಸಂಘ, ಬಡಾವಣೆಯ ಸಂಘ, ಯಾರು ಬೇಕಾದರೂ ಇದನ್ನು ಮಾಡಬಹುದು. 60 ಮನೆ, ಆರು ಜನ, ಎರಡು ವಾರ ಸಾಕು.

ಮನೆಗಳನ್ನು ಪರಿಚಯದ ಮೇಲೆ ಆರಿಸಬೇಡಿ. ಸುಮಾರು 300 ಮನೆಗಳ ಪ್ರದೇಶ ಗುರುತಿಸಿ, ಒಂದು ತುದಿಯಿಂದ ಪ್ರತಿ ಐದನೇ ಮನೆಗೆ ಹೋಗಿ. ಮೇಲಿನ ಮಹಡಿಯಲ್ಲಿ ಬಾಡಿಗೆಯವರಿದ್ದರೆ ಅದು ಬೇರೆ ಮನೆ. ಬೀಗ ಹಾಕಿದ್ದರೆ ಪಕ್ಕದ ಮನೆ ಹಿಡಿಯದೆ, ಬೇರೆ ಹೊತ್ತಿನಲ್ಲಿ ಇನ್ನೆರಡು ಸಲ ಹೋಗಿ. ಹಗಲು ಬೀಗ ಬೀಳುವುದು ಇಬ್ಬರೂ ದುಡಿಯುವ ಮನೆಗಳಿಗೆ. ಅವುಗಳನ್ನು ಬಿಟ್ಟರೆ ಲೆಕ್ಕ ಒಂದೇ ಕಡೆ ವಾಲುತ್ತದೆ. ಪಿ.ಜೆ. ಬಡಾವಣೆಯೊಂದನ್ನೇ ಅಥವಾ ನಿಟ್ಟುವಳ್ಳಿಯೊಂದನ್ನೇ ನೋಡಿ ‘ದಾವಣಗೆರೆ ಜನ ಹೀಗೆ’ ಎಂದು ಬರೆಯಬೇಡಿ.

ಬಾಗಿಲಲ್ಲಿ ಆಡುವ ಮೊದಲ ಮಾತಿನಲ್ಲೇ ಅರ್ಧ ಕೆಲಸ ನಿಂತಿದೆ. ಕೈಯಲ್ಲಿ ಫಾರ್ಮ್ ಹಿಡಿದು ಮೀಟರ್ ಕಡೆ ನೋಡಿದರೆ, ಗೃಹಜ್ಯೋತಿ ತೆಗೆಯಲು ಬಂದವರೆಂದು ಜನ ಹೆದರುತ್ತಾರೆ. ‘ಅಕ್ಕಾರೆ, ನಾವು ಬೆಸ್ಕಾಂನವರಲ್ಲ. ಹೆಸರು, ಆರ್‌ಆರ್ ನಂಬರ್ ಏನೂ ಬರ್ಕೊಳ್ಳಲ್ಲ. ಬೇಡ ಅಂದ್ರೆ ಈಗ್ಲೇ ಹೋಗ್ತೀವಿ’ ಎಂದು ಮೊದಲೇ ಹೇಳಿಬಿಡಿ. ಫಾರ್ಮಿನ ಮೇಲೆ 1ರಿಂದ 60ರ ಸಂಖ್ಯೆ ಮಾತ್ರ ಇರಲಿ. ಯಾವ ಸಂಖ್ಯೆ ಯಾವ ಮನೆ ಎಂಬ ಪಟ್ಟಿ ಬೇರೆ ನೋಟ್‌ಬುಕ್ಕಿನಲ್ಲಿ ಒಬ್ಬರ ಬಳಿ ಇರಲಿ. ಬಾಗಿಲು ತೆಗೆದ ಯಜಮಾನರ ಉತ್ತರಕ್ಕೇ ತೃಪ್ತಿಪಡಬೇಡಿ. ಗೀಸರ್, ಮಿಕ್ಸಿ, ಒಲೆಯ ಲೆಕ್ಕ ಸಾಮಾನ್ಯವಾಗಿ ಅಡುಗೆಮನೆಯಲ್ಲಿರುವವರಿಗೇ ಗೊತ್ತು.

ಪ್ರಶ್ನೆಗಳ ಕ್ರಮ ತಪ್ಪಬಾರದು: ಮೊದಲು ನಿನ್ನೆ ಮಾಡಿದ್ದು, ಆಮೇಲೆ ಅನಿಸಿಕೆ. ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ಮೊದಲೇ ಮಾತು ತೆಗೆದರೆ, ಮುಂದಿನ ಉತ್ತರಗಳೆಲ್ಲ ನಿಮ್ಮನ್ನು ಮೆಚ್ಚಿಸುವ ಉತ್ತರಗಳಾಗುತ್ತವೆ. ‘ಗೀಸರ್ ಕಡಿಮೆ ಬಳಸ್ತೀರಾ?’ ಎನ್ನುವ ಬದಲು ‘ನಿನ್ನೆ ಗೀಸರ್ ಎಷ್ಟೊತ್ತಿಗೆ ಹಾಕಿದ್ರಿ, ಎಷ್ಟೊತ್ತಿಗೆ ಆರಿಸಿದ್ರಿ?’ ಎಂದು ಕೇಳಿ. ಫ್ಯಾನ್, ಟಿವಿ, ಮೋಟಾರ್, ಫ್ರಿಜ್ಜಿಗೂ ಇದೇ ರೀತಿ.

ಕರೆಂಟ್ ಉಳಿಸಲು ಏನು ಮಾಡುತ್ತೀರಿ ಎಂದರೆ ಹೆಚ್ಚಿನವರು ಮೊದಲು ಹೇಳುವುದು ಲೈಟ್ ಆರಿಸುವುದನ್ನು. 9 ವ್ಯಾಟಿನ ಎಲ್‌ಇಡಿ ಬಲ್ಬನ್ನು ದಿನಕ್ಕೆ ಐದು ಗಂಟೆ ಉರಿಸಿದರೂ ತಿಂಗಳಿಗೆ ಒಂದೂವರೆ ಯೂನಿಟ್ ದಾಟುವುದಿಲ್ಲ. 2,000 ವ್ಯಾಟಿನ ಗೀಸರ್ ದಿನಕ್ಕೆ ಒಂದು ಗಂಟೆ ಕಾದರೆ ತಿಂಗಳಿಗೆ 60 ಯೂನಿಟ್. 75 ವ್ಯಾಟಿನ ಹಳೇ ಫ್ಯಾನ್ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ 11ರ ಹತ್ತಿರ. ಜನರಿಗೆ ಕಾಳಜಿ ಇದೆ, ಆದರೆ ಅದು ತಪ್ಪು ಸ್ವಿಚ್ಚಿನ ಮೇಲಿದೆ. ನಿಮ್ಮ ಸಮೀಕ್ಷೆ ಇದೊಂದನ್ನು ತೋರಿಸಿಕೊಟ್ಟರೂ ಶ್ರಮ ಸಾರ್ಥಕ.

ಮುಂದಿನದು ಗೃಹಜ್ಯೋತಿ. 2023ರಲ್ಲಿ ಬಂದ ಈ ಯೋಜನೆಯಲ್ಲಿ ಹೆಚ್ಚಿನ ಮನೆಗಳ ಮಿತಿಯನ್ನು 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ನಿಗದಿ ಮಾಡಿದ್ದಾರೆ. ಸರಾಸರಿ 70 ಇದ್ದ ಮನೆಗೆ 77ರವರೆಗೆ ಬಿಲ್ ಸೊನ್ನೆ. ಅದನ್ನು ದಾಟಿದರೆ ಹೆಚ್ಚಿನ ಯೂನಿಟ್‌ಗಳಿಗೆ ಹಣ, 200 ದಾಟಿದರೆ ಪೂರ್ತಿ ಬಿಲ್. ‘200 ಯೂನಿಟ್ ಎಲ್ಲರಿಗೂ ಫ್ರೀ’ ಎಂದುಕೊಂಡವರು ಬಹಳ. ಆದ್ದರಿಂದ ಚೀಟಿ ನೋಡುವ ಮೊದಲು ‘ನಿಮ್ಮ ಮಿತಿ ಎಷ್ಟು?’ ಎಂದು ಕೇಳಿ, ಉತ್ತರ ಬರೆದುಕೊಳ್ಳಿ. ಆಮೇಲೆ ಬಿಲ್ ಚೀಟಿ ಕೇಳಿ. ಸೊನ್ನೆ ಬಿಲ್ ಬರುವ ಮನೆಯಲ್ಲಿ ಉಳಿತಾಯಕ್ಕೆ ಹಣದ ಕಾರಣ ಇರುವುದಿಲ್ಲ. ಮಿತಿಯ ಅಂಚಿನಲ್ಲಿರುವ ಮನೆಗಳವರ ನಡವಳಿಕೆಯನ್ನು ಬೇರೆ ಗುಂಪಾಗಿ ನೋಡಿ. ತಿಂಗಳ ಕೊನೆಯ ವಾರ ಕೈ ಬಿಗಿ ಹಿಡಿಯಲು ಕಾರಣ ಇರುವುದು ಅವರಿಗೇ.

ಮೀಟರನ್ನು ಏಳು ದಿನದ ಅಂತರದಲ್ಲಿ, ಒಂದೇ ಹೊತ್ತಿಗೆ, ಎರಡು ಸಲ ಓದಿ. ಡಿಜಿಟಲ್ ಮೀಟರಿನಲ್ಲಿ ದಿನಾಂಕ, ವೋಲ್ಟೇಜ್, ಬೇಡಿಕೆ ಎಲ್ಲ ಒಂದರ ಹಿಂದೊಂದು ಸರಿಯುತ್ತಿರುತ್ತವೆ. ಬರೆದುಕೊಳ್ಳಬೇಕಾದದ್ದು ಕೆಡಬ್ಲ್ಯೂಎಚ್ (kWh, ಅಂದರೆ ಯೂನಿಟ್) ಎಂದಿರುವ ಅಂಕಿ ಮಾತ್ರ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಎರಡು ಮನೆಗೆ ಒಂದೇ ಮೀಟರ್ ಇದ್ದರೆ ಫಾರ್ಮಿನಲ್ಲಿ ಗುರುತು ಹಾಕಿ, ತಲಾ ಲೆಕ್ಕದಿಂದ ಹೊರಗಿಡಿ. ಉಳಿದ ಮನೆಗಳಲ್ಲಿ ಯೂನಿಟ್ಟನ್ನು ದಿನದಿಂದಲೂ ಮನೆಮಂದಿಯಿಂದಲೂ ಭಾಗಿಸಿ. ಏಳು ದಿನಕ್ಕೆ 21 ಯೂನಿಟ್, ನಾಲ್ಕು ಜನ ಇದ್ದರೆ ತಲಾ ದಿನಕ್ಕೆ 0.75.

ಒಂದು ಉಪಕರಣ ಎಷ್ಟು ಎಳೆಯುತ್ತದೆ ಎಂದು ಮನೆಯವರಿಗೆ ನೋಡುವ ಆಸೆ ಇದ್ದರೆ ಬೇರೆಲ್ಲ ಆರಿಸಿ, ಮೀಟರಿನ ಕೆಂಪು ದೀಪ ಮಿನುಗುವುದನ್ನು ಎಣಿಸಿ. ಮೀಟರಿನ ಮೇಲೆ 3200 ಎಂದಿದ್ದರೆ, 3,200 ಮಿನುಗಿಗೆ ಒಂದು ಯೂನಿಟ್. 10 ಮಿನುಗಿಗೆ 45 ಸೆಕೆಂಡ್ ಹಿಡಿದರೆ ಅದು 250 ವ್ಯಾಟ್. ಫ್ರಿಜ್ಜಿನ ಕಂಪ್ರೆಸರ್ ಆಗಾಗ ನಿಲ್ಲುತ್ತದೆ, ಸದ್ದು ಕೇಳುವಾಗಲೇ ಎಣಿಸಿ.

ಮೀಟರ್ ಕಡಿಮೆ ಓಡಿದ್ದಕ್ಕೇ ಮಿತವ್ಯಯ ಎಂದು ಬರೆಯಬೇಡಿ. ಹಂಡೆ ಒಲೆಗೆ ಸೌದೆಯನ್ನೋ, ಕಾಳು ಬಿಡಿಸಿದ ಮೆಕ್ಕೆಜೋಳದ ತೆನೆಯನ್ನೋ ಹಾಕಿ ನೀರು ಕಾಯಿಸುವ ಮನೆಗೆ ಗೀಸರ್ ಖರ್ಚೇ ಇಲ್ಲ. ಕೆಲವರ ಬಳಕೆ ಕಡಿಮೆ ಇರುವುದು ಫ್ರಿಜ್ ಕೊಳ್ಳಲು ಆಗದ್ದರಿಂದ. ಗ್ಯಾಸಿನ ಲೆಕ್ಕಕ್ಕೆ ಕ್ಯಾಲೆಂಡರ್ ನೋಡಿ. 14.2 ಕೆಜಿಯ ಸಿಲಿಂಡರ್ ಹಾಕಿದ ದಿನವನ್ನು ಬಹಳ ಮನೆಗಳಲ್ಲಿ ಅಲ್ಲೇ ಗುರುತು ಮಾಡಿರುತ್ತಾರೆ.

ಕೊನೆಗೆ ಹವಾಮಾನದ ಮಾತು. ‘ಹವಾಮಾನ ಬದಲಾವಣೆ ನಂಬ್ತೀರಾ?’ ಎಂದರೆ ಬರೀ ತಲೆಯಾಡಿಸುತ್ತಾರೆ. ‘ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ’ ಎಂಬ ಗಾದೆ ಗೊತ್ತಿರುವ ಹಿರಿಯರಿಗೆ ‘ಈಗ ಬಿತ್ತನೆ ಯಾವ ಮಳೆಗೆ ಮಾಡ್ತೀರಿ? ಮೊದ್ಲು ಯಾವುದಕ್ಕೆ ಮಾಡ್ತಿದ್ರಿ?’ ಎಂದು ಕೇಳಿ. ಭದ್ರಾ ನಾಲೆಯ ಭತ್ತದವರ ಉತ್ತರವನ್ನು ಜಗಳೂರು, ಚಳ್ಳಕೆರೆಯ ಮಳೆಯಾಶ್ರಿತ ರೈತರ ಉತ್ತರದ ಜೊತೆ ಕಲಸಬೇಡಿ. ಪಟ್ಟಣದವರಿಗೆ ‘ಏಪ್ರಿಲ್‌ನಲ್ಲಿ ರಾತ್ರಿ ಎಲ್ಲಿ ಮಲಗ್ತೀರಿ?’ ಎಂಬುದು ಒಳ್ಳೆಯ ಪ್ರಶ್ನೆ. ಚಿತ್ರದುರ್ಗದಲ್ಲಾದರೆ ‘ನಿಮ್ಮನೆ ಕರೆಂಟ್ ಎಲ್ಲಿಂದ ಬರುತ್ತೆ?’ ಎಂದೂ ಕೇಳಿ. ಜೋಗಿಮಟ್ಟಿಯ ಗಾಳಿಯಂತ್ರ ತೋರಿಸಿ ‘ನಮ್ದು ಗಾಳಿ ಕರೆಂಟು’ ಎನ್ನುವವರು ಸಿಕ್ಕರೆ, ಉತ್ತರ ಬರೆದುಕೊಂಡ ಮೇಲೆ ವಿವರಿಸಿ: ಆ ಕರೆಂಟು ಗ್ರಿಡ್ಡಿಗೆ ಸೇರಿ ಬಳ್ಳಾರಿ, ರಾಯಚೂರಿನ ಕಲ್ಲಿದ್ದಲ ಕರೆಂಟಿನ ಜೊತೆ ಬೆರೆಯುತ್ತದೆ. ದೇಶದ ಸರಾಸರಿ ಲೆಕ್ಕದಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್.

60 ಮನೆಯ ಲೆಕ್ಕದಲ್ಲಿ ಶೇ 10ರ ವ್ಯತ್ಯಾಸ ಬರೀ ಆಕಸ್ಮಿಕವಾಗಿರಬಹುದು. ‘63.3 ಶೇಕಡಾ’ ಎಂದು ಬರೆಯದೆ ‘60ರಲ್ಲಿ 38 ಮನೆ’ ಎಂದು ಬರೆಯಿರಿ. ಫಲಿತಾಂಶವನ್ನು ಪ್ರತಿ ಮನೆಗೂ ಚೀಟಿಯಲ್ಲಿ ಕೊಡಿ, ಆದರೆ ಬೀದಿಯ ಸರಾಸರಿಯನ್ನು ಮಾತ್ರ ಬರೆದು ಬಿಡಬೇಡಿ. ತಮ್ಮ ಬಳಕೆ ಸರಾಸರಿಗಿಂತ ಕಡಿಮೆ ಎಂದು ತಿಳಿದವರು ಕೈ ಸಡಿಲಿಸಿ ಮೇಲಕ್ಕೆ ಬರುವುದುಂಟು. ಅಂಥವರ ಚೀಟಿಯಲ್ಲಿ ‘ನೀವು ಮಾಡ್ತಿರೋದು ಚೆನ್ನಾಗಿದೆ, ಹೀಗೇ ಇರಲಿ’ ಎಂಬ ಸಾಲು ಸೇರಿಸಿ. ಹೆಚ್ಚು ಬಳಸುವವರಿಗೆ ಒಂದೇ ಕೆಲಸ ಹೇಳಿ, ಅದೂ ಅವರ ಮನೆಯಲ್ಲೇ ಕಂಡದ್ದು: ‘ಗೀಸರ್ 20 ನಿಮಿಷಕ್ಕೆ ಆರಿಸಿ.’ ಹತ್ತು ಸಲಹೆ ಕೊಟ್ಟರೆ ಒಂದೂ ನಡೆಯುವುದಿಲ್ಲ. ಮತ್ತೆ ಮೀಟರ್ ಓದುವುದು ಮುಂದಿನ ವರ್ಷ ಇದೇ ತಿಂಗಳಲ್ಲಿ. ಅಲ್ಲಿಯವರೆಗೆ ಮನೆಗಳ ಪಟ್ಟಿಯ ನೋಟ್‌ಬುಕ್ ಬೀಗದಲ್ಲಿರಲಿ.