19 ವೋಲ್ಟ್ ಅಡಾಪ್ಟರ್, ಎರಡು ಬಿಟ್: ಕಡಿಮೆ ದುಡ್ಡಿನ ನನ್ನ ಸೋಲ್ಡರಿಂಗ್ ಸೆಟ್

ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್, ಟಿ12 ಮಾದರಿಯ ಸೋಲ್ಡರಿಂಗ್ ಐರನ್ ಹ್ಯಾಂಡಲ್, ಎರಡೇ ಎರಡು ಬಿಟ್, ಅಂದರೆ ಬಿಸಿಯಾಗಿ ಬೆಸೆಯುವ ತುದಿ. ಇಷ್ಟರಲ್ಲಿ ಗ್ರೌಂಡ್ ಪ್ಲೇನಿಗೆ (ಬೋರ್ಡಿನಲ್ಲಿ ಶಾಖ ಹೀರಿಬಿಡುವ ಅಗಲವಾದ ತಾಮ್ರದ ಪದರ) ಅಂಟಿ ಕೂತ ಕೆಪ್ಯಾಸಿಟರ್ ಕೂಡ ಕೀಳಬಹುದು ಅಂದಾಗ ನಂಬಿದವರು ಕಡಿಮೆ. 'ದೊಡ್ಡ ಸ್ಟೇಷನ್ ಇಲ್ಲದೆ ಆಗುವ ಕೆಲಸವಲ್ಲ' ಅಂದವರೇ ಎಲ್ಲ. ಆಯಿತು, ಚೆನ್ನಾಗಿಯೇ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಟಿ12 ಬಿಟ್‌ನ ಒಳಗಿನ ಹೀಟರ್ ಸುಮಾರು 8 ಓಮ್. 24 ವೋಲ್ಟ್ ಕೊಟ್ಟರೆ 72 ವ್ಯಾಟ್, 19 ಕೊಟ್ಟರೆ 45, 12 ಕೊಟ್ಟರೆ ಬರೀ 18. ಕೈಗೆ ಸಿಕ್ಕ 12 ವೋಲ್ಟಿನ ಅಡಾಪ್ಟರ್ ಹಾಕಿ 'ಈ ಐರನ್ ಸರಿಯಿಲ್ಲ' ಅನ್ನುವವರ ತಪ್ಪು ಇರುವುದು ಇಲ್ಲೇ. 45 ವ್ಯಾಟ್ ಕಡಿಮೆ ಅನಿಸಬಹುದು. ಆದರೆ ಇದರಲ್ಲಿ ಹೀಟರ್, ಸೆನ್ಸರ್ ಎರಡೂ ಬಿಟ್‌ನೊಳಗೆ, ತುದಿಗೆ ತೀರಾ ಹತ್ತಿರ ಇವೆ. 936 ಮಾದರಿಯ ಸೋಲ್ಡರಿಂಗ್ ಸ್ಟೇಷನ್‌ನಲ್ಲಿ ಬಿಟ್ ಎಂದರೆ ಸೆರಾಮಿಕ್ ಹೀಟರಿನ ಮೇಲೆ ತೊಡಿಸಿದ ಟೊಪ್ಪಿ, ನಡುವೆ ಗಾಳಿಯ ಸಂದು. ಅಗ್ಗದ ಬಿಟ್ ಹಾಕಿದರೆ ಆ ಸಂದು ಇನ್ನೂ ದೊಡ್ಡದು. ದಪ್ಪ ತಾಮ್ರ ತಾಗಿದ ಕೂಡಲೇ ತುದಿ ತಣ್ಣಗಾಗುತ್ತದೆ, ಡಿಸ್‌ಪ್ಲೇ ಮಾತ್ರ 350 ಅಂತಲೇ ತೋರಿಸುತ್ತಿರುತ್ತದೆ.

ದುಡ್ಡು ಪೋಲಾದದ್ದು ಎಲ್ಲೆಲ್ಲಿ ಅಂದರೆ, ಮೊದಲು 'ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ' ಬರುವ ಕಿಟ್. ಹಿಡಿಯಲ್ಲೇ ತಿರುಗಿಸುವ ನಾಬ್ ಇರುತ್ತದೆ, ಅದರ ಸುತ್ತ ಡಿಗ್ರಿ ಬರೆದಿರುತ್ತದೆ. ಎಷ್ಟೋ ಐರನ್‌ಗಳಲ್ಲಿ ಅದು ಬರೀ ಡಿಮ್ಮರ್, ಸೆನ್ಸರ್ ಇರುವುದೇ ಇಲ್ಲ. ಜೊತೆಗೆ ಬರುವ ಐದು ಬಿಟ್‌ಗಳಲ್ಲಿ ಮೂರು ಸೂಜಿಮೊನೆಯವು, ಶಾಖ ಸಾಗಿಸುವುದೇ ಇಲ್ಲ. ಎರಡನೆಯದು ಹೆಸರಿಲ್ಲದ ಲೆಡ್ ವೈರ್, ಅಂದರೆ ತವರ-ಸೀಸದ ಬೆಸುಗೆ ತಂತಿ. ರೀಲಿನ ಮೇಲೆ 63/37 (ತವರ 63, ಸೀಸ 37 ಪಾಲು) ಎಂದಿತ್ತು. ಕರಗಿ ಆರುವಾಗ ತುಂಬ ಹೊತ್ತು ಗಂಜಿಯಂತೆ ಇದ್ದು, ಕೊನೆಗೆ ಮಂಕಾಗಿ, ಕಾಳುಕಾಳಾಗಿ ಗಟ್ಟಿಯಾಯಿತು. ನಿಜವಾದ 63/37 ಗಂಜಿಯ ಹಂತಕ್ಕೇ ಹೋಗುವುದಿಲ್ಲ. 183 ಡಿಗ್ರಿಯಲ್ಲಿ ಥಟ್ಟನೆ ಗಟ್ಟಿಯಾಗಿ, ಹೊಳೆಯುತ್ತದೆ. ಮೂರನೆಯದು ಫ್ಲಕ್ಸ್, ಅಂದರೆ ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುವ ಪದಾರ್ಥ. ನಾನು ತಂದದ್ದು ಕೊಳಾಯಿ ಕೆಲಸದ ಆ್ಯಸಿಡ್ ಪೇಸ್ಟ್. ಬೆಸುಗೆ ಸೊಗಸಾಗಿ ಕೂತಿತು, ಕೆಲವು ವಾರಗಳಲ್ಲೇ ಕಾಲುಗಳ ಸುತ್ತ ಹಸಿರು ಕಟ್ಟಿ ಬೋರ್ಡಿನ ತಾಮ್ರದ ಟ್ರ್ಯಾಕ್ ತಿಂದುಹಾಕಿತು. ಎಲೆಕ್ಟ್ರಾನಿಕ್ಸ್‌ಗೆ ರೋಸಿನ್ ಫ್ಲಕ್ಸ್ ಬಿಟ್ಟು ಬೇರೆಯದನ್ನು ಮುಟ್ಟಬೇಡಿ.

ಈಗ ನಾನು ದುಡ್ಡನ್ನು ಹತ್ತು ಪಾಲು ಮಾಡುತ್ತೇನೆ. ಹ್ಯಾಂಡಲ್, ಶಾಖ ಹತೋಟಿಯಲ್ಲಿಡುವ ಕಂಟ್ರೋಲರಿಗೆ ನಾಲ್ಕು, ಬಿಟ್‌ಗಳಿಗೆ ಎರಡು, ಲೆಡ್ ವೈರಿಗೆ ಎರಡು, ಫ್ಲಕ್ಸ್ ಮತ್ತು ವಿಕ್‌ಗೆ (ಕರಗಿದ ಬೆಸುಗೆ ಹೀರುವ ತಾಮ್ರದ ಹೆಣಿಗೆ) ಒಂದು, ಸ್ಟ್ಯಾಂಡು, ಬಿಟ್ ಒರೆಸುವ ಹಿತ್ತಾಳೆ ಉಣ್ಣೆ, ಬೆಸುಗೆ ಹೀರುವ ಪಂಪ್ ಎಲ್ಲ ಸೇರಿ ಒಂದು. ಐರನ್‌ಗೇ ಎಲ್ಲ ಸುರಿದು ಫ್ಲಕ್ಸ್‌ನಲ್ಲಿ ಉಳಿಸಲು ಹೋದರೆ ಆ ಐರನ್ ತಂದೂ ಪ್ರಯೋಜನವಿಲ್ಲ.

ಬಿಟ್‌ಗಳಲ್ಲಿ ಒಂದು 2.4 ಮಿಲಿಮೀಟರ್ ಚಿಸೆಲ್, ಇನ್ನೊಂದು ಚಾಕು ಆಕಾರದ ಕೆ. ನೂರಕ್ಕೆ ತೊಂಬತ್ತು ಕೆಲಸ ಚಿಸೆಲ್‌ನಲ್ಲೇ ಮುಗಿಯುತ್ತದೆ, ಬೋರ್ಡಿನ ಮೇಲ್ಮೈಗೆ ಬೆಸೆಯುವ 0805 ಅಳತೆಯ ಪುಟ್ಟ ಚಿಪ್ ಕೂಡ. ಸಾಲು ಪಿನ್‌ಗಳ ಮೇಲೆ ಒಂದೇ ಎಳೆತದಲ್ಲಿ ಬೆಸೆಯುತ್ತಾ ಹೋಗಲು, ಗ್ರೌಂಡ್ ಪ್ಯಾಡಿಗೆ ಅಡ್ಡ ಒರಗಿಸಲು ಕೆ. ವೈರ್ 0.8 ಮಿಲಿಮೀಟರ್ ಸಾಕು, ಸಣ್ಣ ಕೆಲಸ ಜಾಸ್ತಿಯಿದ್ದರೆ 0.6. ಲೆಡ್ ವೈರಿಗೆ 320ರಿಂದ 340 ಡಿಗ್ರಿ, ಲೆಡ್‌ಫ್ರೀ ಇದ್ದರೆ 360ರ ಆಸುಪಾಸು. 400ಕ್ಕೆ ಏರಿಸಬೇಕು ಅನಿಸಿದರೆ ಬಿಟ್ ಚಿಕ್ಕದಾಯಿತು ಅಂತಲೇ ಅರ್ಥ.

ಡಿಸ್‌ಪ್ಲೇ ಸುಳ್ಳು ಹೇಳುತ್ತಿದೆಯೇ ನೋಡಲು ಬೇರೆ ಉಪಕರಣ ಬೇಡ. ತುದಿಯಲ್ಲಿ ಒಳ್ಳೆಯ 63/37ರ ಸಣ್ಣ ಮಣಿ ನಿಲ್ಲಿಸಿ, 170ರಿಂದ ಎರಡೆರಡು ಡಿಗ್ರಿಯಂತೆ ಏರಿಸಿ. ಮಣಿಯ ಮೈ ಮಂಕಾಗಿದ್ದದ್ದು ಒಂದು ಕ್ಷಣದಲ್ಲಿ ಕನ್ನಡಿಯಂತಾಗುತ್ತದೆ. ಆಗಿನ ಅಂಕಿ 183ರ ಹತ್ತಿರ ಇರಬೇಕು. ಇಳಿಸುತ್ತಾ ನೋಡಿದರೆ ಸ್ವಲ್ಪ ಕೆಳಗೆ ಗಟ್ಟಿಯಾಗುತ್ತದೆ, ಹಾಗಾಗಿ ಏರುವಾಗಿನ ಅಂಕಿಯನ್ನೇ ನಂಬಿ. ನನ್ನ ಕಂಟ್ರೋಲರ್ ಇಪ್ಪತ್ತು ಡಿಗ್ರಿಯಷ್ಟು ಹೆಚ್ಚು ತೋರಿಸುತ್ತಿತ್ತು. 350ರಲ್ಲಿ ವ್ಯತ್ಯಾಸ ಇಷ್ಟೇ ಇರುತ್ತದೆ ಅನ್ನುವಂತಿಲ್ಲ, ಆದರೂ ತೀರಾ ಹಳಿತಪ್ಪಿದೆಯೇ ಅನ್ನುವುದು ಗೊತ್ತಾಗುತ್ತದೆ.

ಅರ್ಥ್ ಇಲ್ಲದ ಎರಡು ಪಿನ್ನಿನ ಅಡಾಪ್ಟರ್ ಬಳಸುವವರು ಒಂದು ಗಮನಿಸಿ. ಬಿಟ್‌ಗೂ ಅರ್ಥ್‌ಗೂ ನಡುವೆ ಮೀಟರ್ ಇಟ್ಟರೆ ಹತ್ತಾರು ವೋಲ್ಟ್ ಎಸಿ ಕಾಣಬಹುದು. ಕರೆಂಟ್ ಅತ್ಯಲ್ಪ, ಆದರೆ ಮಾಸ್‌ಫೆಟ್ ಎಂಬ ಸೂಕ್ಷ್ಮ ಟ್ರಾನ್ಸಿಸ್ಟರಿನ ಗೇಟ್ ಸುಡಲು ಅಷ್ಟು ಸಾಕು. ಹ್ಯಾಂಡಲಿನ ಅರ್ಥ್ ತಂತಿಯನ್ನು ನಿಜವಾದ ಅರ್ಥ್‌ಗೆ ಜೋಡಿಸಿದೆ, ಆ ಚಿಂತೆ ತೀರಿತು. ಬೆಸೆಯುವ ಬೋರ್ಡಿಗೆ ಪವರ್ ಕೊಟ್ಟಿರಲೇಬಾರದು, ಅದು ಬೇರೆ ಮಾತು.

ನಡುವೆ ಹಳೆಯ 60 ವ್ಯಾಟ್ ಸಾದಾ ಐರನ್ ಮೇಲೂ ಕೈಯಾಡಿಸಿದೆ. ಸರಣಿಯಲ್ಲಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4007 ಡಯೋಡ್, ಅದರ ಎರಡು ತುದಿಗಳಿಗೆ ಅಡ್ಡಲಾಗಿ ಒಂದು ಸ್ವಿಚ್. ಸ್ವಿಚ್ ತೆರೆದಾಗ ಅರ್ಧ ಅಲೆ ಮಾತ್ರ ಹೋಗಿ 30 ವ್ಯಾಟ್, ಒತ್ತಿದರೆ ಪೂರ್ತಿ 60. ಮೇನ್ಸ್ ಆದ್ದರಿಂದ ಇನ್ಸುಲೇಟೆಡ್ ಡಬ್ಬಿಯೊಳಗೇ ಕೂರಿಸಬೇಕು. ಸುಮ್ಮನೆ ಇಟ್ಟಾಗ ಬಿಟ್ ಕಪ್ಪಾಗುವುದು ಬಹಳ ಕಡಿಮೆಯಾಯಿತು. ಅದೇ ಬಿಟ್‌ಗೆ ದಪ್ಪ ತಾಮ್ರದ ತಂತಿ ಸುತ್ತಿ ಮುಂದೆ ಚಾಚಿ ಸಣ್ಣ ಮೊನೆಯನ್ನೂ ಮಾಡಿದೆ. ಕೆಲಸ ಚೆನ್ನಾಗಿಯೇ ನಡೆಯಿತು, ಆದರೆ ತಾಮ್ರ ತವರದಲ್ಲಿ ಕರಗುತ್ತದಲ್ಲ, ಮೂವತ್ತು ನಲವತ್ತು ಜಾಯಿಂಟ್ ಆಗುವಷ್ಟರಲ್ಲಿ ಮೊನೆ ಸವೆದು ಹೋಯಿತು. ಬಿಟ್‌ಗೆ ಅರ ಹಾಕಬಾರದು ಅನ್ನುವುದೂ ಇದಕ್ಕೇ: ಮೇಲಿನ ಕಬ್ಬಿಣದ ಪದರ ಹೋದರೆ ಒಳಗಿನ ತಾಮ್ರ ಹೀಗೆಯೇ ಕರಗಿ ಗುಳಿ ಬೀಳುತ್ತದೆ.

ಇನ್ನು ಆ ಗ್ರೌಂಡ್ ಪ್ಲೇನ್. ಪಂಪ್ ಹಿಡಿದು ನೇರ ಹೀರಲು ಹೋದರೆ ಅರ್ಧ ಬಂದು ಅರ್ಧ ರಂಧ್ರದಲ್ಲೇ ಉಳಿಯುತ್ತದೆ, ಮತ್ತೆ ಬಿಸಿ ಮಾಡಿದಷ್ಟೂ ರಂಧ್ರದ ಸುತ್ತಲಿನ ತಾಮ್ರದ ಪ್ಯಾಡ್ ಬೋರ್ಡಿನಿಂದ ಏಳುತ್ತದೆ. ಮೊದಲು ಬೋರ್ಡನ್ನೇ ಬಿಸಿಗಾಳಿಯಲ್ಲಿ ಕೈಗೆ ಸುಡುವಷ್ಟು, ಅಂದಾಜು 90–100 ಡಿಗ್ರಿಗೆ ತನ್ನಿ. ಫ್ಲಕ್ಸ್ ಹಚ್ಚಿ, ಹಳೆಯ ಬೆಸುಗೆಗೆ ಹೊಸ ಲೆಡ್ ಧಾರಾಳವಾಗಿ ಸೇರಿಸಿ. ಕೆ ಬಿಟ್ ಅಡ್ಡ ಒರಗಿಸಿ ನಾಲ್ಕೈದು ಸೆಕೆಂಡ್ ಕಾಯಿರಿ, ಎರಡೂ ಕಾಲಿನ ಬೆಸುಗೆ ಒಟ್ಟಿಗೆ ಕರಗಿದಾಗ ಕೆಪ್ಯಾಸಿಟರನ್ನು ಬಲ ಹಾಕದೆ ಎತ್ತಿ. ಉಳಿದ ರಂಧ್ರವನ್ನು ಎರಡನೇ ಬದಿಯಿಂದ ಪಂಪ್ ಇಟ್ಟು ಖಾಲಿ ಮಾಡುವಾಗ ಮೂತಿಗೆ ಸಿಲಿಕೋನ್ ಟ್ಯೂಬಿನ ಚೂರು ಸಿಕ್ಕಿಸಿ, ಗಾಳಿ ಸೋರುವುದಿಲ್ಲ. ಎತ್ತುವಾಗ ಕಾಲುಗಳನ್ನು ಯಾವ ಕ್ರಮದಲ್ಲಿ ಅಲುಗಿಸಬೇಕು ಅನ್ನುವುದು ಮಾತ್ರ ನನ್ನ ಕೈಗುಟ್ಟು. ಎರಡು ಸತ್ತ ಬೋರ್ಡ್ ಹಾಳುಮಾಡಿದರೆ ನಿಮ್ಮ ಕೈಗೂ ಅದು ಸಿಗುತ್ತದೆ.

ಹೊಗೆಗೆ ಒಂದು ಕಂಪ್ಯೂಟರ್ ಫ್ಯಾನ್ ಇಡಿ, ಮುಖದ ಕಡೆಗೆ ಊದದೆ ಆಚೆಗೆ ಎಳೆಯುವಂತೆ. ಕೆಲಸ ಮುಗಿದ ಮೇಲೆ ಬಿಟ್‌ನ ತುದಿಗೆ ಹೊಸ ಲೆಡ್ ದಪ್ಪವಾಗಿ ಮೆತ್ತಿ, ಒರೆಸದೆ ಹಾಗೆಯೇ ಆಫ್ ಮಾಡಿ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.