ಕೊಟ್ಟಿಗೆಯ ಬಾನಿಗೆ ರಾತ್ರಿ ಬರುವ ಇಲಿಗಳು

ಹೋದ ವರ್ಷ ಶ್ರಾವಣದಲ್ಲಿ ನಮ್ಮ ಗೌರಿ ಏಳು ತಿಂಗಳಿಗೇ ಕಂದು ಹಾಕಿದಳು. ಎರಡು ದಿನ ಮೊದಲೇ ಮೇವು ಬಿಟ್ಟಿದ್ದಳು. ಮೈ ಸುಡುತ್ತಿತ್ತು, ಗಂಜಲ ಕೆಂಪಾಗಿತ್ತು. ಬಂದ ಪಶುವೈದ್ಯರು ಕರುವನ್ನಾಗಲಿ ಮಾಸನ್ನಾಗಲಿ ಬರಿಗೈಯಲ್ಲಿ ಮುಟ್ಟಬೇಡಿ ಎಂದು ಗದರಿ, ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಲೆಪ್ಟೊಸ್ಪೈರೋಸಿಸ್ ಎಂದು ಉತ್ತರ ಬಂತು, ಅಂದರೆ ಇಲಿಜ್ವರ. ಮಳೆಗಾಲದಲ್ಲಿ ಗದ್ದೆಯ ಕೆಸರಿನಲ್ಲಿ ದುಡಿಯುವವರಿಗೆ ಅದು ಬರುವುದನ್ನು ತೀರ್ಥಹಳ್ಳಿ ಕಡೆಯವರಾದ ನಾವು ಕೇಳಿ ಬಲ್ಲೆವು. ದನಕ್ಕೂ ಬರುತ್ತದೆಂದು ನನಗೆ ತಿಳಿದಿರಲಿಲ್ಲ.

"ನೀರು ಎಲ್ಲಿಯದು?" ಎಂದು ವೈದ್ಯರು ಕೇಳಿದಾಗ ಹೆಮ್ಮೆಯಿಂದಲೇ ಹೇಳಿದೆ: ಗುಡ್ಡದ ಅಬ್ಬಿಯದು, ನಾವೂ ಅದನ್ನೇ ಕುಡಿಯುತ್ತೇವೆ. ಅವರು ಮಾತಾಡದೆ ಕಲ್ಲಿನ ಬಾನಿಯ ಅಂಚಿಗೆ ಟಾರ್ಚ್ ಹಿಡಿದರು. ಲೋಳೆಗಟ್ಟಿದ ಪಾಚಿಯ ಮೇಲೆ ಪುಟ್ಟ ಪುಟ್ಟ ಹೆಜ್ಜೆ, ಮೂಲೆಯಲ್ಲಿ ಕಪ್ಪು ಹಿಕ್ಕೆ.

ಅಂದು ರಾತ್ರಿ ಹತ್ತು ಗಂಟೆಗೆ ನಾನೇ ಹೋಗಿ ಕಾದೆ. ಅಡಿಕೆ ದಬ್ಬೆಯ ಅಟ್ಟದಿಂದ ನೀರಿನ ಪೈಪಿನ ಮೇಲೆ ನಡೆದುಕೊಂಡು ಒಂದು ಇಲಿ ಇಳಿಯಿತು. ಬಾನಿಯ ಅಂಚಿನಲ್ಲಿ ಕೂತು, ಬಾಲವನ್ನು ನೀರಿಗೆ ಇಳಿಬಿಟ್ಟು, ಅಲ್ಲೇ ಅಂಟಿದ್ದ ಅಕ್ಕಚ್ಚಿನ ಅನ್ನದಗುಳನ್ನು ಹೆಕ್ಕತೊಡಗಿತು. ಹಿಂದೆಯೇ ಇನ್ನೆರಡು. ಈ ರೋಗಾಣು ಇಲಿಯ ಮೂತ್ರದಲ್ಲಿರುತ್ತದೆ. ಒಣಗಿದರೆ ಸಾಯುತ್ತದೆ, ಒದ್ದೆಯಲ್ಲಿ ವಾರಗಟ್ಟಲೆ ಬದುಕುತ್ತದೆ. ಆಷಾಢ, ಶ್ರಾವಣದಲ್ಲಿ ನಮ್ಮಲ್ಲಿ ಒಣಗುವುದಾದರೂ ಏನು?

ಮೊದಲು ಅಕ್ಕಚ್ಚನ್ನು ಬಾನಿಯಿಂದ ಬಿಡಿಸಿದೆ. ಈಗ ಅದಕ್ಕೆ ಬೇರೆ ಬಕೆಟ್ಟಿದೆ. ಹಸು ಕುಡಿದು ತಲೆಯೆತ್ತಿದ ಕೂಡಲೇ ಅದನ್ನು ತೊಳೆದು ಬೋರಲು ಹಾಕುತ್ತೇನೆ. ಕಲ್ಲಿನ ಬಾನಿಯನ್ನು ಮಗುಚುವಂತಿಲ್ಲವಲ್ಲ, ಅದರ ತಳಕ್ಕೆ ತೂತು ಕೊರೆಸಿ ಬೆಣೆ ಹಾಕಿಸಿದೆ. ಅಜ್ಜ ಹೊತ್ತು ತರಿಸಿದ ಬಾನಿ, ಸೀಳಿಬಿಟ್ಟರೆ ಎಂದು ಅಪ್ಪಯ್ಯ ಬಲವಾಗಿ ವಿರೋಧಿಸಿದರು. ಸೀಳಲಿಲ್ಲ. ರಾತ್ರಿ ಎಂಟಕ್ಕೆ ದನಗಳಿಗೆ ಕೊನೆಯ ನೀರು ಕುಡಿಸಿ ಬೆಣೆ ಕೀಳುತ್ತೇವೆ, ತೆಂಗಿನ ನಾರಿನಿಂದ ತಿಕ್ಕಿ ಖಾಲಿಯಾಗಿಯೇ ಬಿಡುತ್ತೇವೆ. ಬೆಳಿಗ್ಗೆ ಇನ್ನೊಮ್ಮೆ ತೊಳೆದ ಮೇಲೆಯೇ ಹೊಸ ನೀರು. ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿಯ ನೀರಿನಿಂದ ಉಜ್ಜಿ, ಎರಡು ಸಲ ಜಾಲಿಸುತ್ತೇನೆ. ಲೋಳೆ ತೆಗೆಯದೆ ಬ್ಲೀಚಿಂಗ್ ಸುರಿದರೆ ಅದರ ಶಕ್ತಿಯೆಲ್ಲ ಕೊಳೆಗೇ ಖರ್ಚಾಗುತ್ತದೆ.

ಮೇಲಿನ ಟ್ಯಾಂಕಿನ ಮುಚ್ಚಳ ಒಡೆದು ಎಷ್ಟು ದಿನವಾಗಿತ್ತೋ! ಹೊಸ ಮುಚ್ಚಳ ಹಾಕಿಸಿ, ನೀರು ಉಕ್ಕಿ ಹೋಗುವ ಪೈಪಿನ ಬಾಯಿಗೆ ಕಾಲಿಂಚಿನ ಕಬ್ಬಿಣದ ಜಾಲರಿ ಬಿಗಿದೆ. ಪ್ಲಾಸ್ಟಿಕ್ ಜಾಲರಿಯನ್ನು ಇಲಿ ಕಡಿದು ಹಾಕುತ್ತದೆ. ಪೈಪಿಗೆ ಅಡ್ಡಲಾಗಿ ಅಗಲವಾದ ತಗಡಿನ ತಟ್ಟೆ ತೊಡಿಸಿದ್ದರಿಂದ ಆ ದಾರಿ ಮುಚ್ಚಿತು. ಹಿಂಡಿ, ಬೂಸಾ ಈಗ ಮುಚ್ಚಳವಿರುವ ಡ್ರಮ್ಮಿನಲ್ಲಿವೆ.

ವಿಷ ಇಡಲು ಹಲವರು ಹೇಳಿದರು. ನಾನು ಒಪ್ಪಲಿಲ್ಲ. ವಿಷ ತಿಂದ ಇಲಿ ಗೋದಲಿಯಲ್ಲೋ ಟ್ಯಾಂಕಿನಲ್ಲೋ ಸತ್ತರೆ? ನಮ್ಮ ಬೆಕ್ಕು, ತೋಟದ ಕೇರೆ ಹಾವು ಅದನ್ನು ತಿಂದರೆ? ಸುಟ್ಟ ಕೊಬ್ಬರಿ ಚೂರಿಟ್ಟು ಬೋನನ್ನು ಗೋಡೆಯ ಬುಡಕ್ಕೇ ಇಡುತ್ತೇನೆ, ಇಲಿ ಗೋಡೆ ಬಿಟ್ಟು ನಡೆಯುವುದು ಕಡಿಮೆ. ಮೊದಲ ಮೂರು ರಾತ್ರಿ ಬಾಗಿಲು ಬೀಳದಂತೆ ಕಟ್ಟಿಡಬೇಕು. ಹೊಸ ವಸ್ತುವಿನ ಅಂಜಿಕೆ ಕಳೆದ ಮೇಲೆ ತಾನಾಗಿ ಒಳಗೆ ಹೋಗುತ್ತದೆ.

ಚಿಕಿತ್ಸೆಯಿಂದ ಗೌರಿ ಚೇತರಿಸಿಕೊಂಡಳು. ಆದರೆ ಗುಣವಾದ ಹಸುವಿನ ಗಂಜಲದಲ್ಲೂ ರೋಗಾಣು ತಿಂಗಳುಗಟ್ಟಲೆ ಬರಬಹುದೆಂದು ವೈದ್ಯರು ಎಚ್ಚರಿಸಿದ್ದರಿಂದ, ಕೊಟ್ಟಿಗೆಯ ಕಾಲುವೆಯನ್ನು ಬಾನಿಯಿಂದ ದೂರ ತಿರುಗಿಸಿದೆ. ಅಪ್ಪಯ್ಯನ ಬೆರಳ ಸಂದಿಯಲ್ಲಿ ಮಳೆಗಾಲವಿಡೀ ಕೆಸರು ಹುಣ್ಣು. ರೋಗಾಣುವಿಗೆ ಅಷ್ಟು ಬಾಗಿಲು ಸಾಕು. ಬೂಟು ತಂದುಕೊಟ್ಟು, ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕೊಟ್ಟಿಗೆ ಕೆಲಸ ಮಾಡುತ್ತೇವೆಂದು ಹೇಳಬೇಕೆಂದು ಮನೆಯವರಿಗೆಲ್ಲ ತಿಳಿಸಿದ್ದೇನೆ.

ಬೂಟು ಹಾಕಲು ಅಪ್ಪಯ್ಯ ಒಂದು ವಾರ ಗೊಣಗಿದರು. ಈಗ ರಾತ್ರಿ ಎಂಟಾದರೆ ನಾನು ಏಳುವ ಮೊದಲೇ ಅವರು ಬೆಣೆ ಕಿತ್ತಿರುತ್ತಾರೆ.